ಚಿಟ್ಟೆಯ ಹೀರುಕೊಳವೆ ಎರಡು ಎಳೆಯಾಗಿಯೇ ಉಳಿದರೆ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಹಿತ್ತಿಲ ಕರಿಬೇವಿನ ಗಿಡದಲ್ಲಿದ್ದ ಹಸಿರು ಹುಳುಗಳನ್ನು ಮಕ್ಕಳು ತಂದು ತರಗತಿಯಲ್ಲೇ ಸಾಕಿದರು. ಫೆಬ್ರುವರಿ ಕೊನೆಗೆ ಮೂರು ಕಪ್ಪು ಚಿಟ್ಟೆಗಳು ಹೊರಬಂದವು. ಎರಡು ಹಾರಿಹೋದವು. ಮೂರನೆಯದರ ಕೋಶ ಹಿಂದಿನ ದಿನವೇ ಕಡ್ಡಿಯಿಂದ ಕಳಚಿ ಡಬ್ಬಿಯ ತಳಕ್ಕೆ ಬಿದ್ದಿತ್ತು. ಅದರಿಂದ ಬಂದ ಚಿಟ್ಟೆಯ ಬಾಯಿಯ ನಳಿಗೆ ಕೂದಲಿನಂಥ ಎರಡು ಎಳೆಯಾಗಿ ಸೀಳಿಕೊಂಡಿತ್ತು. ಜೇನುತುಪ್ಪ ಇಟ್ಟರೂ ಕುಡಿಯಲಿಲ್ಲ, ಮೂರನೇ ದಿನ ಸತ್ತಿತು. ಬಾಯಿ ಯಾಕೆ ಸೀಳಿತು ಎಂದು ಮಕ್ಕಳು ಕೇಳುತ್ತಿದ್ದಾರೆ. ಚಿಟ್ಟೆಯ ತಲೆಯಲ್ಲಿ ಏನೇನಿದೆ, ಅವು ಹೇಗೆ ಕೆಲಸ ಮಾಡುತ್ತವೆ? ಸತ್ತ ಚಿಟ್ಟೆಯನ್ನು ಇಟ್ಟುಕೊಂಡಿದ್ದೇನೆ, ಅದರಲ್ಲೇ ತೋರಿಸಬಹುದೆ?

ಉತ್ತರ: ಮಕ್ಕಳಿಗೆ ಮೊದಲು ಇದನ್ನು ಹೇಳಿ: ಅದು ಸೀಳಿದ್ದಲ್ಲ, ಕೂಡದೇ ಉಳಿದದ್ದು. ಚಿಟ್ಟೆಯ ಹೀರುಕೊಳವೆ ಕೋಶದೊಳಗೆ ಒಂದು ಕೊಳವೆಯಾಗಿ ಬೆಳೆಯುವುದೇ ಇಲ್ಲ. ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಉದ್ದನೆಯ ಎಳೆಗಳಾಗಿ ಬೆಳೆಯುತ್ತದೆ. ಕೋಶ ಒಡೆದು ಹೊರಬಂದ ಮೇಲೆ ಚಿಟ್ಟೆ ತಾನೇ ಅವೆರಡನ್ನೂ ಜೋಡಿಸಿಕೊಳ್ಳಬೇಕು. ನಿಮ್ಮ ಮೂರನೇ ಚಿಟ್ಟೆಗೆ ಆ ಜೋಡಣೆ ಮುಗಿಸಲು ಆಗಲಿಲ್ಲ. ಅದಕ್ಕೆ ಕಾರಣ ನೀವು ಬರೆದ ವಿವರದಲ್ಲೇ ಇದೆ, ಅಲ್ಲಿಗೆ ಬರುತ್ತೇನೆ.

ಕರಿಬೇವಿನ ಮೇಲೆ ಹಸಿರು ಹುಳು, ಅದರಿಂದ ಕಪ್ಪು ಚಿಟ್ಟೆ ಎಂದರೆ ಬಹುಪಾಲು ಅದು ಕಾಮನ್ ಮಾರ್ಮನ್. ಲಿಂಬೆ, ಕಂಚಿ, ಕರಿಬೇವು ಇರುವ ಹಿತ್ತಿಲಲ್ಲೆಲ್ಲ ಮೊಟ್ಟೆ ಇಡುವ ಚಿಟ್ಟೆ ಇದು. ಅದರ ತಲೆ ಹೆಚ್ಚುಕಡಿಮೆ ಹೆಸರುಕಾಳಿನಷ್ಟು. ಗಟ್ಟಿ ಚಿಪ್ಪಿನ ಒಂದು ಗುಂಡು, ಮೇಲೆಲ್ಲ ಹುರುಪೆ ಮತ್ತು ಕೂದಲು. ಎರಡು ಬದಿಗೆ ಎರಡು ದೊಡ್ಡ ಕಣ್ಣು, ನೆತ್ತಿಯಿಂದ ಎರಡು ಕುಡಿಮೀಸೆ, ಮುಖದ ಕೆಳಗೆ ಸುರುಳಿ ಸುತ್ತಿದ ಹೀರುಕೊಳವೆ, ಆ ಸುರುಳಿಯ ಎಡಬಲಕ್ಕೆ ಕಾವಲು ನಿಂತ ಹಾಗೆ ಪಾಲ್ಪ್ ಎಂಬ ಎರಡು ಚಿಕ್ಕ ಅಂಗಗಳು. ಹೊರಗೆ ಕಾಣುವುದು ಇಷ್ಟೇ. ಒಳಗೆ ಮಿದುಳು ಮತ್ತು ಒಂದು ಪಂಪು. ಹಲ್ಲಿಲ್ಲ, ದವಡೆಯಿಲ್ಲ. ಹುಳುವಾಗಿದ್ದಾಗ ಕರಿಬೇವಿನ ಎಲೆಯನ್ನು ಅಂಚಿನಿಂದ ಕತ್ತರಿಸಿ ತಿಂದ ಗಟ್ಟಿ ದವಡೆಗಳು ಚಿಟ್ಟೆಯಲ್ಲಿ ಉಳಿದಿರುವುದಿಲ್ಲ.

ಮೊದಲು ಹೀರುಕೊಳವೆ, ಏಕೆಂದರೆ ನಿಮ್ಮ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು.

ಮಿಡತೆ, ಜಿರಲೆಗಳ ಬಾಯಲ್ಲಿ ದವಡೆಯ ಹಿಂದೆ ಇನ್ನೊಂದು ಜೊತೆ ಅಂಗ ಇರುತ್ತದೆ. ಆಹಾರವನ್ನು ಹಿಡಿದು ಒಳಗೆ ತಳ್ಳಲು ನೆರವಾಗುವ ಆ ಅಂಗದ ತುದಿಯಲ್ಲಿ ಗೇಲಿಯಾ ಎಂಬ ಚಿಕ್ಕ ಹಾಲೆಯಿದೆ. ಚಿಟ್ಟೆಗಳಲ್ಲಿ ಈ ಗೇಲಿಯಾ ಜೋಡಿಯೇ ಎಳೆಯಂತೆ ಉದ್ದವಾಗಿ ಬೆಳೆದು ಹೀರುಕೊಳವೆಯಾಗಿದೆ. ಎರಡು ಎಳೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದೇ. ಅದು ಹುಟ್ಟಿನಿಂದಲೇ ಎಡಬಲದ ಜೋಡಿ ಅಂಗ. ಪ್ರತಿ ಎಳೆಯ ಒಳಬದಿ ಅರ್ಧಚಂದ್ರದಂತೆ ತಗ್ಗಾಗಿದೆ. ಎರಡೂ ತಗ್ಗುಗಳು ಎದುರುಬದುರಾಗಿ ಕೂಡಿದಾಗ ನಡುವೆ ಒಂದು ದುಂಡು ನಾಲೆ ಉಂಟಾಗುತ್ತದೆ. ಬಿದಿರಿನ ಎರಡು ಸೀಳುಗಳನ್ನು ಎದುರುಬದುರು ಇಟ್ಟು ಕಟ್ಟಿದರೆ ಮತ್ತೆ ಅಂಡೆಯಾಗುವಂತೆ. ಮಕರಂದ ಏರುವುದು ಈ ನಡುವಿನ ನಾಲೆಯಲ್ಲಿ. ಎಳೆಗಳ ಸ್ವಂತ ಹೊಟ್ಟೆಯೂ ಟೊಳ್ಳೇ, ಆದರೆ ಅದರಲ್ಲಿ ಇರುವುದು ಚಿಟ್ಟೆಯ ರಕ್ತದ್ರವ, ಒಂದು ಉಸಿರುನಳಿಕೆ, ನರ ಮತ್ತು ಓರೆಯಾಗಿ ಜೋಡಿಸಿದ ಸಣ್ಣ ಸಣ್ಣ ಸ್ನಾಯುಗಳು. ಅಂದರೆ ಒಂದು ಹೀರುಕೊಳವೆಯಲ್ಲಿ ಒಟ್ಟು ಮೂರು ಕೊಳವೆ. ಮಕ್ಕಳು ಇದನ್ನು ಚಿತ್ರ ಬರೆದು ನೋಡಲಿ: ಎರಡು ಬಿದಿಗೆಚಂದ್ರ, ನಡುವೆ ಒಂದು ಸೊನ್ನೆ.

ಕೂಡಿಸುವ ಕೊಂಡಿಗಳು ಎರಡು ಬಗೆಯವು. ಮೇಲ್ಬದಿಯಲ್ಲಿ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂರುವ ತೆಳು ಫಲಕಗಳು. ಕೆಳಬದಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಗಟ್ಟಿ ಕೊಕ್ಕೆಗಳು, ಥೇಟ್ ಚೀಲದ ಜಿಪ್ಪಿನ ಹಲ್ಲುಗಳಂತೆ. ಹೊಸದಾಗಿ ಹೊರಬಂದ ಚಿಟ್ಟೆ ತಲೆ ಮೇಲೆ ಮಾಡಿ ತೂಗಿಕೊಂಡು ಎರಡೂ ಎಳೆಗಳನ್ನು ಸುತ್ತುತ್ತದೆ, ಬಿಚ್ಚುತ್ತದೆ, ಮತ್ತೆ ಸುತ್ತುತ್ತದೆ. ಜೊಲ್ಲಿನ ಹನಿ ಎಳೆಗಳ ನಡುವೆ ಹರಿದು, ಒದ್ದೆ ಕೂದಲೆಳೆಗಳು ತಾವಾಗಿ ಅಂಟಿಕೊಳ್ಳುವ ಹಾಗೆ, ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ಪಾಲ್ಪ್‌ಗಳು ಎರಡು ಕಡೆಯಿಂದ ಒತ್ತಿ ಸಾಲುಗೂಡಿಸಲು ನೆರವಾಗುತ್ತವೆ. ಸರಿಯಾಗಿ ನಡೆದರೆ ಹೆಚ್ಚು ಹೊತ್ತು ಬೇಡ, ರೆಕ್ಕೆ ಅರಳುವಷ್ಟರಲ್ಲಿ ಜೋಡಣೆ ಬಹುಪಾಲು ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಎಳೆಗಳ ಚಿಪ್ಪು ಇನ್ನೂ ಮೆತ್ತಗಿದ್ದು, ಬಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಒಣಗಿ ಗಟ್ಟಿಯಾದ ಮೇಲೆ ಹೊಂದಾಣಿಕೆ ಕಷ್ಟ.

ನಿಮ್ಮಲ್ಲಿ ಆದದ್ದು ಹೀಗೆ ಎಂದು ಕಾಣುತ್ತದೆ. ಮಾರ್ಮನ್‌ನ ಕೋಶ ಬಾಲದ ಕೊಕ್ಕೆಯಿಂದ ಕಡ್ಡಿಗೆ ಸಿಕ್ಕಿಕೊಂಡು, ಸೊಂಟಕ್ಕೆ ರೇಷ್ಮೆಯ ದಾರ ಕಟ್ಟಿಕೊಂಡು, ತಲೆ ಮೇಲಾಗಿ ಒರಗಿ ನಿಲ್ಲುತ್ತದೆ. ತೆಂಗಿನಮರ ಹತ್ತುವವನು ಬೆನ್ನಿಗೆ ಹಗ್ಗ ಕೊಟ್ಟು ಒರಗಿದಂತೆ. ಹೊರಬರುವಾಗ ಚಿಟ್ಟೆಗೆ ಈ ಆಧಾರ ಬೇಕು: ಕೋಶ ಅಲುಗದೆ ನಿಂತರೆ ಮಾತ್ರ ಅದು ಕಾಲೂರಿ ತನ್ನನ್ನು ಹೊರಗೆಳೆದುಕೊಳ್ಳುತ್ತದೆ. ಡಬ್ಬಿಯ ತಳದಲ್ಲಿ ಬಿದ್ದ ಕೋಶ ಚಿಟ್ಟೆಯ ಜೊತೆಗೇ ಹೊರಳುತ್ತದೆ. ಹೊರಬರುವುದು ತಡವಾಗುತ್ತದೆ, ಎಳೆಗಳ ತುದಿ ಕೋಶದ ಒರೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಒಂದು ಎಳೆ ಮುಂಚೆ ಬಿಡುಗಡೆಯಾಗಿ ಇನ್ನೊಂದು ಎಳೆದುಕೊಂಡು ಬರುತ್ತದೆ. ಹೊರಗೆ ಬಂದ ಮೇಲೂ ಪ್ಲಾಸ್ಟಿಕ್ ಗೋಡೆ ನುಣುಪು, ಹತ್ತಿ ತೂಗಲು ಹಿಡಿತವಿಲ್ಲ. ಜೊತೆಗೆ ಫೆಬ್ರುವರಿ ಕೊನೆಯ ಶಿರಸಿಯ ಮಧ್ಯಾಹ್ನ ಒಣ ಹವೆ. ತರಗತಿಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಜೊಲ್ಲು ಎಳೆಗಳನ್ನು ಎಳೆದು ಕೂಡಿಸುವ ಮೊದಲೇ ಆರಿಹೋಗಿರುತ್ತದೆ. ಇದೇ ಕೋಶ ಆಷಾಢದಲ್ಲಿ ಒಡೆದಿದ್ದರೆ, ಅಥವಾ ಕೆಳಗೆ ಕಾರವಾರದ ಕಡಲ ಹವೆಯಲ್ಲಿ ಒಡೆದಿದ್ದರೆ, ಚಿಟ್ಟೆಗೆ ಇನ್ನಷ್ಟು ಹೊತ್ತು ಸಿಗುತ್ತಿತ್ತು. ಉಳಿದೆರಡು ಚಿಟ್ಟೆಗಳು ಅದೇ ಕೋಣೆಯಲ್ಲಿ ಸರಿಯಾಗಿಯೇ ಬಂದವು ಎಂದರೆ ಮುಖ್ಯ ಕಾರಣ ಬಿದ್ದ ಕೋಶವೇ, ಒಣ ಹವೆ ಅದರ ಜೊತೆಗೂಡಿದ್ದು.

ಮುಂದಿನ ಸಲ ಕೋಶ ಕಳಚಿ ಬಿದ್ದರೆ ಹೀಗೆ ಮಾಡಿ. ಒರಟು ಕಾಗದದಿಂದ ಕಡಲೆಕಾಯಿ ಪೊಟ್ಟಣದಂತೆ ಸಣ್ಣ ಶಂಕು ಸುತ್ತಿ, ಕೋಶದ ಬಾಲ ಕೆಳಗೆ, ತಲೆ ಮೇಲೆ ಇರುವಂತೆ ಅದರಲ್ಲಿ ಇಳಿಸಿ. ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿರಲಿ, ಬಿಗಿಯಾಗಿ ತುರುಕಬೇಡಿ. ಪೊಟ್ಟಣವನ್ನು ಗೋಣಿತಾಟು ಅಥವಾ ಒರಟು ಬಟ್ಟೆ ಹೊದಿಸಿದ ಹಲಗೆಗೆ ಗುಂಡುಪಿನ್ನಿನಿಂದ ಚುಚ್ಚಿ ನಿಲ್ಲಿಸಿ. ಚಿಟ್ಟೆ ಹತ್ತಲು ಮೇಲಕ್ಕೆ ಒಂದು ಗೇಣು ಒರಟು ಜಾಗ, ರೆಕ್ಕೆ ಜೋತುಬೀಳಲು ಸುತ್ತ ಕನಿಷ್ಠ 10 ಸೆಂಟಿಮೀಟರ್ ತೆರವು ಬೇಕು. ಕೋಶದ ಚಿಪ್ಪಿನ ಮೂಲಕ ರೆಕ್ಕೆಯ ಬಣ್ಣ ಕಾಣತೊಡಗಿದರೆ ಹೆಚ್ಚಾಗಿ ಮರುದಿನ ಬೆಳಗ್ಗೆ ಚಿಟ್ಟೆ ಹೊರಡುತ್ತದೆ. ಆ ಹೊತ್ತಿಗೆ ಫ್ಯಾನ್ ನಿಲ್ಲಿಸಿ, ಹತ್ತಿರದಲ್ಲಿ ಒಂದು ಒದ್ದೆ ಬಟ್ಟೆ ತೂಗುಹಾಕಿ. ಕೋಶದ ಮೇಲೆ ನೀರು ಸುರಿಯಬೇಡಿ. ಎಷ್ಟೇ ತಡವಾದರೂ ಚಿಪ್ಪನ್ನು ಬಿಡಿಸಿ ‘ಸಹಾಯ’ ಮಾಡಬೇಡಿ. ಅರ್ಧ ಹೊರಬಂದ ಚಿಟ್ಟೆಯನ್ನು ಎಳೆದರೆ ಮೊದಲು ಹಾಳಾಗುವುದು ಹೀರುಕೊಳವೆಯ ತುದಿ ಮತ್ತು ಕುಡಿಮೀಸೆ.

ಎಳೆಗಳು ತುದಿಯಲ್ಲಿ ಮಾತ್ರ ಬೇರೆಯಾಗಿದ್ದು ಚಿಟ್ಟೆ ಇನ್ನೂ ಸುತ್ತಿ ಬಿಚ್ಚುತ್ತಿದ್ದರೆ ಬಿಟ್ಟುಬಿಡಿ, ಅದು ಕೂಡಿಸಿಕೊಳ್ಳಬಹುದು. ಬುಡದವರೆಗೂ ಬಿಟ್ಟುಕೊಂಡು ಒಂದು ಎಳೆ ಸೊಟ್ಟಗೆ ಒಣಗಿದ್ದರೆ ನಾವು ಮಾಡುವಂಥದ್ದು ಏನೂ ಇಲ್ಲ. ಬೆರಳಿನಿಂದ ಹೊಸೆದು ಅಂಟಿಸಲು ಹೋಗಬೇಡಿ, ಕೊಕ್ಕೆಗಳು ಮುರಿಯುತ್ತವೆ.

ಇನ್ನು ಕೂಡಿದ ಕೊಳವೆ ಬಿಚ್ಚಿಕೊಳ್ಳುವುದು ಹೇಗೆ? ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿ ನೆನಪಿಸಿಕೊಳ್ಳಿ: ಗಾಳಿ ತುಂಬಿದರೆ ಸುರುಳಿ ಉದ್ದಕ್ಕೆ ಚಾಚುತ್ತದೆ, ಬಿಟ್ಟರೆ ತಾನೇ ಸುತ್ತಿಕೊಳ್ಳುತ್ತದೆ. ಚಿಟ್ಟೆಯಲ್ಲಿ ಗಾಳಿಯ ಬದಲು ರಕ್ತದ್ರವ. ಹೀರುಕೊಳವೆಯ ಬುಡದಲ್ಲಿ ಎರಡು ಬದಿಗೂ ಚಿಕ್ಕ ಪಂಪಿನಂಥ ಭಾಗಗಳಿವೆ. ಅವು ಒತ್ತಿದಾಗ ದ್ರವ ಎರಡೂ ಎಳೆಗಳ ಹೊಟ್ಟೆಗೆ ನುಗ್ಗಿ ಸುರುಳಿಯನ್ನು ಬಿಚ್ಚುತ್ತದೆ. ಮತ್ತೆ ಸುತ್ತಲು ಎಳೆಗಳೊಳಗಿನ ಓರೆ ಸ್ನಾಯುಗಳು ಮತ್ತು ಗೋಡೆಯ ಸ್ಪ್ರಿಂಗಿನಂಥ ಗುಣ ಸಾಕು. ಪೂರ್ತಿ ಚಾಚಿದ ಕೊಳವೆಯಲ್ಲಿ ಬುಡದಿಂದ ಸುಮಾರು ಮೂರನೇ ಒಂದು ಭಾಗದ ಹತ್ತಿರ ಒಂದು ಮೊಣಕಾಲಿನಂಥ ಬಾಗು ಕಾಣುತ್ತದೆ. ಆ ಬಾಗಿನಿಂದಾಗಿಯೇ ಚಿಟ್ಟೆ ತಲೆ ಅಲುಗಿಸದೆ ಒಂದೇ ಗೊಂಚಲಿನ ಹತ್ತು ಕೇಪಳ ಹೂಗಳಿಗೆ ತುದಿಯನ್ನು ಸರಸರ ಇಳಿಸಿ ತೆಗೆಯುತ್ತದೆ. ಅಂಗಳದ ಕೇಪಳದ ಮುಂದೆ ಮಕ್ಕಳನ್ನು ಐದು ನಿಮಿಷ ನಿಲ್ಲಿಸಿದರೆ ಈ ಬಾಗನ್ನು ಬರಿಗಣ್ಣಿನಲ್ಲೇ ನೋಡುತ್ತಾರೆ.

ಹೀರುವ ಕೆಲಸ ಕೊಳವೆಯದಲ್ಲ, ತಲೆಯೊಳಗಿನ ಪಂಪಿನದು. ಹಣೆಯ ಚಿಪ್ಪಿನ ಹಿಂದೆ ಒಂದು ಚೀಲ, ಅದರ ಮೇಲ್ಚಾವಣಿಗೆ ಅಂಟಿ ಹಣೆಯವರೆಗೆ ಹೋದ ದಪ್ಪ ಸ್ನಾಯುಗಳು. ಸ್ನಾಯು ಎಳೆದಾಗ ಚೀಲ ಹಿಗ್ಗಿ ಒತ್ತಡ ಇಳಿಯುತ್ತದೆ, ಮಕರಂದ ಏರುತ್ತದೆ. ಬಳಿಕ ಬಾಯಿಕಡೆಯ ಕವಾಟ ಮುಚ್ಚಿ, ಚೀಲ ಕುಗ್ಗಿ, ದ್ರವ ಅನ್ನನಾಳಕ್ಕೆ ಹೋಗುತ್ತದೆ. ಅನ್ನನಾಳ ಸಾಗುವುದು ಮೇಲಿನ ಮಿದುಳು ಮತ್ತು ಕೆಳಗಿನ ನರಗಂಟಿನ ನಡುವಿನ ಕಿಂಡಿಯಲ್ಲಿ. ಪಂಪು, ಮಿದುಳು, ಗಂಟಲು ಮೂರೂ ಹೆಸರುಕಾಳಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಇರುವುದರಿಂದ ಚಿಟ್ಟೆಯನ್ನು ಎಂದೂ ತಲೆ ಅಥವಾ ಎದೆ ಹಿಡಿದು ಎತ್ತಬಾರದು. ಮಡಿಚಿದ ನಾಲ್ಕೂ ರೆಕ್ಕೆಗಳನ್ನು ಬುಡದ ಹತ್ತಿರ ಮೆಲ್ಲಗೆ ಹಿಡಿಯಿರಿ.

ಜೇನುತುಪ್ಪ ಯಾಕೆ ತಪ್ಪು ಎಂಬುದು ಈಗ ತಾನಾಗಿ ತಿಳಿಯುತ್ತದೆ. ಕೂದಲಿನಷ್ಟು ಕಿರಿದಾದ ನಾಲೆಯಲ್ಲಿ ದ್ರವ ಎಷ್ಟು ವೇಗವಾಗಿ ಏರುತ್ತದೆ ಎಂಬುದು ಅದರ ಮಂದತನದ ಮೇಲೆ ನಿಂತಿದೆ. 20 ಡಿಗ್ರಿ ಶಾಖದಲ್ಲಿ, ತೂಕದ ಲೆಕ್ಕದಲ್ಲಿ ನೂರಕ್ಕೆ 20 ಪಾಲು ಸಕ್ಕರೆಯಿರುವ ನೀರು ಬರೀ ನೀರಿಗಿಂತ ಸುಮಾರು 2 ಪಟ್ಟು ಮಂದ, 40 ಪಾಲಿಗೆ 6 ಪಟ್ಟು, 60 ಪಾಲಿಗೆ ಸುಮಾರು 58 ಪಟ್ಟು. ಸುಮಾರು 80 ಪಾಲು ಸಕ್ಕರೆಯಿರುವ ಜೇನುತುಪ್ಪ ಸಾವಿರಾರು ಪಟ್ಟು ಮಂದ. ನಾಲೆಯ ಅಗಲ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನೂ ಸೇರಿಸಿಕೊಳ್ಳಿ. ಹಾಗಾಗಿ ಚಿಟ್ಟೆಗಳು ಚುರುಕಾಗಿ ಸಕ್ಕರೆ ಗಳಿಸುವುದು 30ರಿಂದ 40 ಪಾಲಿನ ಮಕರಂದದಲ್ಲಿ. ನಿಮ್ಮ ಚಿಟ್ಟೆಗೆ ಹೇಗೂ ನಾಲೆಯೇ ಇರಲಿಲ್ಲ, ನಡುವೆ ಬಿರುಕಿದ್ದ ಕೊಳವೆ ಗಾಳಿಯನ್ನಷ್ಟೇ ಎಳೆಯಬಲ್ಲದು. ಆದರೆ ಗಟ್ಟಿಮುಟ್ಟಾದ ಚಿಟ್ಟೆಗೂ ಜೇನುತುಪ್ಪ ಬೇಡ, ತುದಿಗೆ ಮೆತ್ತಿ ಒಣಗಿ ಕೊಳವೆಯನ್ನು ಕಟ್ಟಿಬಿಡುತ್ತದೆ.

ದಣಿದ ಚಿಟ್ಟೆಗೆ ಕುಡಿಸಬೇಕಾದರೆ 1 ಚಮಚ ಸಕ್ಕರೆಗೆ 9 ಚಮಚ ಕುದಿಸಿ ಆರಿಸಿದ ನೀರು, ಅಷ್ಟೇ. ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ ಹಿಂಡಿ ತಟ್ಟೆಯಲ್ಲಿಡಿ. ಗುಂಡಿಯಾಗಿ ನೀರು ನಿಂತರೆ ಕಾಲು, ರೆಕ್ಕೆ ಅಂಟುತ್ತವೆ. ಚಿಟ್ಟೆಯ ಪಾದ ಹತ್ತಿಗೆ ತಾಗುವಂತೆ ನಿಲ್ಲಿಸಿ. ಅನೇಕ ಚಿಟ್ಟೆಗಳಿಗೆ ಪಾದದಲ್ಲೇ ರುಚಿ ಗೊತ್ತಾಗುತ್ತದೆ, ಸಿಹಿ ತಾಗಿದೊಡನೆ ಕೊಳವೆ ತಾನೇ ಬಿಚ್ಚುತ್ತದೆ. ಬಿಚ್ಚದಿದ್ದರೆ ಹಿಡಿಕಡ್ಡಿಯ ನುಣುಪು ತುದಿಯನ್ನು ಸುರುಳಿಯ ನಡುವಿನ ತೂತಿಗೆ ಹಾಕಿ, ಮೆಲ್ಲಗೆ ಮುಂದಕ್ಕೆಳೆದು ಹತ್ತಿಗೆ ತಾಗಿಸಿ. ಎರಡು ಸಲ ತಾಗಿಸಿದರೂ ಕುಡಿಯದಿದ್ದರೆ ಅದಕ್ಕೆ ಹಸಿವಿಲ್ಲ. ಹೊಸ ಚಿಟ್ಟೆ ಮೊದಲ ಕೆಲವು ಗಂಟೆ ಏನೂ ಕುಡಿಯದೆಯೂ ಇರುತ್ತದೆ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬು ಅದರಲ್ಲಿದೆ. ತಟ್ಟೆಯ ಸುತ್ತ ಇರುವೆ ಬಾರದಂತೆ ನೀರು ಕಟ್ಟುವುದನ್ನು ಮರೆಯಬೇಡಿ.

ಕೊಳವೆಯ ತುದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಬರೀ ಸ್ಟ್ರಾ ಆಗಿದ್ದರೆ ಒದ್ದೆ ಮರಳಿನಿಂದ ನೀರು ಹೀರಲು ಆಗುತ್ತಿರಲಿಲ್ಲ, ಸ್ಟ್ರಾಗೆ ತುಂಬಿದ ಲೋಟ ಬೇಕು. ಚಿಟ್ಟೆಯ ತುದಿಯಲ್ಲಿ ಫಲಕಗಳ ನಡುವೆ ಸಾಲು ಸಾಲು ಸೀಳುಗಳಿದ್ದು, ಅವು ಸ್ಪಂಜಿನಂತೆ ತೆಳು ತೇವವನ್ನೂ ಎಳೆದುಕೊಳ್ಳುತ್ತವೆ. ಬೇಸಿಗೆಯಲ್ಲಿ ಅಘನಾಶಿನಿಯ ದಂಡೆಯಲ್ಲೋ ಕಾಳಿಯ ಮರಳಿನಲ್ಲೋ ಬ್ಲೂಬಾಟಲ್ ಎಂಬ ಚಿಟ್ಟೆಗಳು ಗುಂಪಾಗಿ ಕೂತು ಹೀರುವುದು ಹೀಗೆ. ಕೊಟ್ಟಿಗೆಯ ಗಂಜಳ ಹರಿದು ಒದ್ದೆಯಾದ ಮಣ್ಣಿಗೂ ಬರುತ್ತವೆ. ಅವಕ್ಕೆ ಬೇಕಾದ್ದು ನೀರಲ್ಲ, ಉಪ್ಪಿನಂಶ, ಮುಖ್ಯವಾಗಿ ಸೋಡಿಯಂ. ಎಲೆ ಮತ್ತು ಮಕರಂದದಲ್ಲಿ ಅದು ತೀರ ಕಡಿಮೆ. ಹೀಗೆ ಕೂರುವವು ಹೆಚ್ಚಾಗಿ ಗಂಡುಗಳೇ. ಕೂಡುವಾಗ ಈ ಲವಣ ಹೆಣ್ಣಿಗೂ ಅಲ್ಲಿಂದ ಮೊಟ್ಟೆಗೂ ಸಾಗುತ್ತದೆ. ಹೀರುತ್ತಿರುವ ಚಿಟ್ಟೆಯ ಹಿಂಭಾಗದಿಂದ ಹನಿ ಹನಿಯಾಗಿ ನೀರು ಚಿಮ್ಮುವುದನ್ನು ಮಕ್ಕಳಿಗೆ ತೋರಿಸಿ: ಉಪ್ಪನ್ನು ಇಟ್ಟುಕೊಂಡು ನೀರನ್ನು ಹೊರಹಾಕುತ್ತಿದೆ. ಒಣಗಿದ ಲವಣವಾದರೆ ಮೊದಲು ಜೊಲ್ಲು ಬಿಟ್ಟು ಕರಗಿಸಿ ಆಮೇಲೆ ಹೀರುತ್ತದೆ. ಕರಾವಳಿಯ ಗೇರುತೋಟಗಳಲ್ಲಿ ಬಿದ್ದು ಹುಳಿತ ಹಣ್ಣಿಗೆ ಬರುವ ಕಾಮನ್ ಬ್ಯಾರನ್, ಈವ್ನಿಂಗ್ ಬ್ರೌನ್‌ಗಳಂಥ ಚಿಟ್ಟೆಗಳಲ್ಲಿ ಇದೇ ತುದಿಯ ರುಚಿಮೊಳೆಗಳು ದಟ್ಟವಾಗಿ ಬೆಳೆದು ಕುಂಚದಂತಾಗಿವೆ. ರಸ ಬಸಿಯುವ ಹಣ್ಣಿನ ಮೈಯನ್ನು ಗುಡಿಸಿ ಹೀರಲು ಅದೇ ಸರಿ.

ಕಣ್ಣಿನ ವಿಷಯಕ್ಕೆ ಬರೋಣ. ತಲೆಯ ಬಹುಭಾಗ ಕಣ್ಣೇ. ಒಂದೊಂದು ಕಣ್ಣಿನಲ್ಲೂ ಸಾವಿರಾರು ಕಿರುಗಣ್ಣುಗಳು ಜೇನುಹಟ್ಟಿಯ ಕೋಣೆಗಳಂತೆ ಜೋಡಣೆಯಾಗಿವೆ. ಪ್ರತಿ ಕಿರುಗಣ್ಣಿಗೆ ತನ್ನದೇ ಮಸೂರ, ಅದರ ಕೆಳಗೆ ಹರಳಿನಂಥ ಶಂಕು, ಅದರ ಕೆಳಗೆ ಬೆಳಕು ಹಿಡಿಯುವ 9 ಜೀವಕೋಶಗಳು. ರೆಪ್ಪೆಯಿಲ್ಲ, ಕಣ್ಣು ಹೊರಳುವುದಿಲ್ಲ. ಆದರೂ ಮುಂದೆ, ಹಿಂದೆ, ಮೇಲೆ ಹೆಚ್ಚುಕಡಿಮೆ ಎಲ್ಲ ದಿಕ್ಕೂ ಒಟ್ಟಿಗೇ ಕಾಣುತ್ತದೆ. ಹಿಂದಿನಿಂದ ಮೆಲ್ಲಗೆ ಹೋದರೂ ಚಿಟ್ಟೆ ಎದ್ದುಹೋಗುವುದು ಇದಕ್ಕೇ. ಬೆಲೆಯಾಗಿ ಕಳೆದುಕೊಂಡದ್ದು ಸ್ಪಷ್ಟತೆ: ಒಂದು ಕಿರುಗಣ್ಣು ನೋಡುವ ಕೋನ ಸುಮಾರು 1 ಡಿಗ್ರಿ, ನಮ್ಮ ಕಣ್ಣು ಅದರ ಅರವತ್ತರಲ್ಲೊಂದು ಪಾಲನ್ನೂ ಬೇರ್ಪಡಿಸುತ್ತದೆ.

ಬಣ್ಣದಲ್ಲಿ ಮಾತ್ರ ನಾವು ಬಡವರು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು 3 ಬಗೆ. ಬ್ಲೂಬಾಟಲ್ ಚಿಟ್ಟೆಯ ಕಣ್ಣಿನಲ್ಲಿ 15 ಬಗೆಯ ಬೆಳಕು ಹಿಡಿಯುವ ಕೋಶಗಳಿವೆ ಎಂದು ಜಪಾನಿನ ಸಂಶೋಧಕರು 2016ರಲ್ಲಿ ತೋರಿಸಿದರು. ಅವೆಲ್ಲ ದಿನವೂ ಬಣ್ಣ ನೋಡಲೆಂದೇ ಇರುವವಲ್ಲ, ಕೆಲವು ಆಕಾಶದ ಹಿನ್ನೆಲೆಯಲ್ಲಿ ವೇಗವಾಗಿ ಸರಿಯುವುದನ್ನು ಹಿಡಿಯುವಂಥ ವಿಶೇಷ ಕೆಲಸಕ್ಕೆ ಇರಬೇಕು ಎಂಬುದು ಅವರ ಅಭಿಪ್ರಾಯ. ಮಾರ್ಮನ್‌ನ ಕುಲದ ಚಿಟ್ಟೆಗಳಿಗೆ ನೇರಳಾತೀತವೂ ಕಾಣುತ್ತದೆ, ಕೆಂಪೂ ಕಾಣುತ್ತದೆ. ಜೇನುನೊಣಕ್ಕೆ ಕೆಂಪು ಸರಿಯಾಗಿ ಕಾಣದು. ಕೇಪಳ, ರಥಪುಷ್ಪ, ದಾಸವಾಳಗಳ ಸುತ್ತ ದೊಡ್ಡ ಕಪ್ಪು ಚಿಟ್ಟೆಗಳೇ ಹೆಚ್ಚು ಸುತ್ತುವುದರ ಹಿಂದೆ ಈ ವ್ಯತ್ಯಾಸವೂ ಇದೆ.

ಮುಸ್ಸಂಜೆಗೆ ಬೆಳಕಿನ ಹತ್ತಿರ ಬರುವ ಈವ್ನಿಂಗ್ ಬ್ರೌನ್ ಸಿಕ್ಕರೆ ಒಂದು ಪ್ರಯೋಗ ಮಾಡಿ. ಸಣ್ಣ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೇ ಹಿಡಿದು ಅದರ ಕಣ್ಣಿಗೆ ಬೆಳಕು ಬಿಡಿ. ಕಣ್ಣು ಕೆಂಡದಂತೆ ಹೊಳೆದು ಕೆಲವು ಕ್ಷಣದಲ್ಲಿ ಮಂಕಾಗುತ್ತದೆ. ಹೊಳೆಯುವುದು ಕಿರುಗಣ್ಣುಗಳ ತಳದಲ್ಲಿರುವ ಕನ್ನಡಿಯಂಥ ಪದರ, ಮಂಕಾಗುವುದು ಬಣ್ಣದ ಕಣಗಳು ಸರಿದು ಬೆಳಕಿನ ದಾರಿ ಮುಚ್ಚುವುದರಿಂದ. ನಿಮ್ಮ ಮಾರ್ಮನ್‌ನಲ್ಲಿ ಇದನ್ನು ಹುಡುಕಬೇಡಿ, ಆ ಕುಟುಂಬದ ಚಿಟ್ಟೆಗಳಿಗೆ ಈ ಕನ್ನಡಿ ಪದರವೇ ಇಲ್ಲ. ಹುಲ್ಲಿನ ಮೇಲೆ ಕೂರುವ ಹಳದಿ ಚಿಟ್ಟೆಗಳ ಕಣ್ಣಿನಲ್ಲಿ ಕಪ್ಪು ಚುಕ್ಕೆಗಳು ಕಂಡು, ನೀವು ಸರಿದಂತೆ ಅವೂ ಸರಿಯುತ್ತವೆ. ಅದು ಪಾಪೆಯಲ್ಲ. ನಿಮ್ಮ ಕಡೆಗೇ ನೇರವಾಗಿ ಮುಖ ಮಾಡಿದ ಕಿರುಗಣ್ಣುಗಳು ಬೆಳಕನ್ನು ನುಂಗುತ್ತವೆ, ಅದಕ್ಕೇ ಕಪ್ಪಾಗಿ ಕಾಣುತ್ತವೆ.

ಕುಡಿಮೀಸೆಗೆ ಮೂರು ಭಾಗ: ತಲೆಗೆ ಅಂಟಿದ ಬುಡದ ಗೆಣ್ಣು, ಅದರ ಮೇಲೆ ಎರಡನೇ ಗೆಣ್ಣು, ಆಮೇಲೆ ಅನೇಕ ಕಿರುಗೆಣ್ಣುಗಳ ಉದ್ದನೆಯ ಕಡ್ಡಿ. ಚಿಟ್ಟೆಯಲ್ಲಿ ಕಡ್ಡಿಯ ತುದಿ ದಪ್ಪ, ಬೆಂಕಿಕಡ್ಡಿಯ ತಲೆಯಂತೆ. ಸ್ಕಿಪ್ಪರ್ ಎಂಬ ಗಿಡ್ಡ ಚಿಟ್ಟೆಗಳಲ್ಲಿ ಆ ದಪ್ಪ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಪತಂಗಗಳಲ್ಲಿ ಸಾಮಾನ್ಯವಾಗಿ ದಾರದಂತೆ ಅಥವಾ ಗರಿಯಂತೆ. ಕಡ್ಡಿಯ ಕೆಲಸ ಮುಖ್ಯವಾಗಿ ವಾಸನೆ. ಎರಡನೇ ಗೆಣ್ಣಿನಲ್ಲಿ ಮಾತ್ರ ಬೇರೆಯೇ ಒಂದು ಅಂಗವಿದೆ, ಕಡ್ಡಿ ಕೂದಲೆಳೆಯಷ್ಟು ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ವಿಜ್ಞಾನಿ ಸಂಜಯ್ ಸಾನೆ ಮತ್ತು ಸಂಗಡಿಗರು 2007ರಲ್ಲಿ ದೊಡ್ಡ ಹಾಕ್ ಪತಂಗಗಳಲ್ಲಿ ಈ ಕಡ್ಡಿಯನ್ನು ಕತ್ತರಿಸಿದಾಗ ಅವು ಹಾರಾಟದ ಹಿಡಿತ ಕಳೆದುಕೊಂಡು ಡಿಕ್ಕಿ ಹೊಡೆದವು. ಅದೇ ಕಡ್ಡಿಯನ್ನು ಅಂಟಿನಿಂದ ಮತ್ತೆ ಕೂಡಿಸಿದಾಗ ಹಾರಾಟ ಬಹುಮಟ್ಟಿಗೆ ಸರಿಹೋಯಿತು. ಕತ್ತರಿಸಿ ಅಂಟಿಸಿದ ಕಡ್ಡಿಗೆ ವಾಸನೆ ತಿಳಿಯದು, ಆದರೆ ಅದರ ಭಾರ ಎರಡನೇ ಗೆಣ್ಣನ್ನು ಅಲುಗಿಸುತ್ತದೆ. ಸಮತೋಲಕ್ಕೆ ಬೇಕಾದ್ದು ಅದು. ಅಮೆರಿಕದ ಮೊನಾರ್ಕ್ ಚಿಟ್ಟೆಗಳ ಮೇಲೆ 2009ರಲ್ಲಿ ಪ್ರಕಟವಾದ ಕೆಲಸ ಇನ್ನೊಂದು ಗುಟ್ಟು ತೋರಿಸಿತು: ಸೂರ್ಯನನ್ನು ನೋಡಿ ದಿಕ್ಕು ಹಿಡಿಯಲು ಹೊತ್ತು ಎಷ್ಟಾಯಿತು ಎಂದು ತಿಳಿಯಬೇಕು, ಆ ಗಡಿಯಾರ ಕುಡಿಮೀಸೆಯಲ್ಲಿದೆ. ಮೀಸೆಗೆ ಕಪ್ಪು ಬಣ್ಣ ಬಳಿದವು ದಿಕ್ಕು ತಪ್ಪಿದವು, ಪಾರದರ್ಶಕ ಬಣ್ಣ ಬಳಿದವು ಸರಿಯಾಗಿ ತೆಂಕಣಕ್ಕೆ ಹೊರಟವು. ಹಾಗಾಗಿ ಸಾಕಿದ ಚಿಟ್ಟೆಯ ಮೀಸೆ ಮುರಿದಿದ್ದರೆ ‘ಮೀಸೆ ತಾನೆ’ ಎನ್ನಬೇಡಿ. ಅದು ಹಾರುವುದು ಓರೆಯಾಗುತ್ತದೆ, ಜೋಡಿ ಹುಡುಕುವುದೂ ಕಷ್ಟವಾಗುತ್ತದೆ.

ಪಾಲ್ಪ್‌ಗಳು ಮೂರು ಗೆಣ್ಣಿನ ಚಿಕ್ಕ ಅಂಗಗಳು. ಸುರುಳಿಯನ್ನು ನಡುವೆ ಹಿಡಿದು ಕಾಯುತ್ತವೆ, ಕೊನೆಯ ಗೆಣ್ಣಿನ ಸಣ್ಣ ಕುಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಗುರುತಿಸುವ ಕೋಶಗಳಿವೆ. ಬೀಕ್ ಎಂಬ ಚಿಟ್ಟೆಯಲ್ಲಿ ಇವು ಕೊಕ್ಕಿನಂತೆ ಮುಂದಕ್ಕೆ ಚಾಚಿರುತ್ತವೆ, ಎಲೆಯ ತೊಟ್ಟಿನಂತೆ ಕಂಡು ಕೂತ ಚಿಟ್ಟೆ ಒಣ ಎಲೆಯೇ ಆಗಿಬಿಡುತ್ತದೆ.

ಮಕ್ಕಳು ತಪ್ಪದೆ ಎಡವುವ ಎರಡು ಜಾಗಗಳನ್ನು ಮುಂಚೆಯೇ ಹೇಳಿಬಿಡಿ. ಕರಿಬೇವಿನ ಹಸಿರು ಹುಳುವಿನ ‘ಹೆಡೆ’ಯ ಮೇಲಿರುವ ದೊಡ್ಡ ಕಣ್ಣುಗಳು ಕಣ್ಣಲ್ಲ, ಎದೆಭಾಗದ ಮೇಲಿನ ಚಿತ್ತಾರ. ನಿಜವಾದ ತಲೆ ಅದರ ಮುಂದೆ ಕೆಳಗೆ ಬಗ್ಗಿರುವ ಸಣ್ಣ ಗುಂಡು, ಅದರ ಒಂದೊಂದು ಬದಿಗೆ 6 ಚುಕ್ಕೆಗಣ್ಣು. ಮುಟ್ಟಿದಾಗ ಹೊರಬರುವ ನಾತದ ಕೆಂಪು ಕವಲು ನಾಲಿಗೆಯೂ ಅಲ್ಲ, ಮೀಸೆಯೂ ಅಲ್ಲ, ತಲೆಯ ಹಿಂದಿನ ಪಟ್ಟಿಯಿಂದ ಹೊರಚಾಚುವ ಗ್ರಂಥಿ. ಇನ್ನು ಕೇಪಳದ ಎಲೆ ತಿಂದು ಬೆಳೆಯುವ ಮಂಕಿ ಪಜಲ್ ಎಂಬ ಪುಟ್ಟ ಚಿಟ್ಟೆಯ ಹಿಂರೆಕ್ಕೆಯಲ್ಲಿ ಮೀಸೆಯಂಥ ಬಾಲಗಳೂ ಕಣ್ಣಿನಂಥ ಚುಕ್ಕೆಗಳೂ ಇವೆ. ಹಕ್ಕಿ ಕುಟುಕುವುದು ಆ ಸುಳ್ಳು ತಲೆಗೆ, ನಿಜವಾದ ತಲೆ ಉಳಿಯುತ್ತದೆ.

ನಿಮ್ಮಲ್ಲಿರುವ ಸತ್ತ ಚಿಟ್ಟೆ ಪಾಠಕ್ಕೆ ಧಾರಾಳವಾಗಿ ಆಗುತ್ತದೆ. ಕೂಡದ ಕೊಳವೆಯಿರುವುದರಿಂದ ಸರಿಯಾದ ಚಿಟ್ಟೆಗಿಂತ ಹೆಚ್ಚೇ ಕಲಿಸುತ್ತದೆ. ಒಣಗಿ ಸೆಟೆದಿದ್ದರೆ ಮೊದಲು ಮೆತ್ತಗೆ ಮಾಡಬೇಕು. ಬಿಗಿ ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಹತ್ತಿ, ಅದಕ್ಕೆ ಬೂಷ್ಟು ಬಾರದಂತೆ ನಾಲ್ಕು ಹನಿ ಡೆಟಾಲ್, ಅದರ ಮೇಲೆ ನೀರು ತಾಗದ ಹಾಗೆ ಒಂದು ಸಣ್ಣ ಮುಚ್ಚಳ, ಆ ಮುಚ್ಚಳದಲ್ಲಿ ಚಿಟ್ಟೆ. 24 ಗಂಟೆ ಸಾಕು, ಇನ್ನೂ ಬಿಗಿಯಿದ್ದರೆ ಮತ್ತೊಂದು ದಿನ. ಅದಕ್ಕಿಂತ ಹೆಚ್ಚು ಬಿಟ್ಟರೆ ಕೊಳೆಯುತ್ತದೆ. ಆಮೇಲೆ ಬಿಳಿ ಕಾಗದದ ಮೇಲಿಟ್ಟು, ಸೂಜಿಯಿಂದ ಪಾಲ್ಪ್‌ಗಳನ್ನು ಅತ್ತಿತ್ತ ಸರಿಸಿ, ಎಳೆಗಳನ್ನು ಬಿಡಿಸಿ. ನೋಡಲು 10 ಪಟ್ಟಿನ ಕೈಮಸೂರ ಬೇಕು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಚಿಟ್ಟೆಯನ್ನು ಅದರಿಂದ ಸುಮಾರು 2.5 ಸೆಂಟಿಮೀಟರ್ ದೂರಕ್ಕೆ ತರಬೇಕು. ಮಕ್ಕಳು ಮಸೂರವನ್ನು ದೂರ ಹಿಡಿದು ‘ಏನೂ ಕಾಣುತ್ತಿಲ್ಲ’ ಎನ್ನುವುದೇ ಹೆಚ್ಚು. ಮುಖದ ಹುರುಪೆ ಅಡ್ಡ ಬಂದರೆ ಸ್ಪಿರಿಟ್‌ನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ. ಕೊಳವೆಯ ಕೊಕ್ಕೆಗಳು ಕೈಮಸೂರಕ್ಕೆ ಸಿಗವು, ಅವಕ್ಕೆ ಹೈಸ್ಕೂಲಿನ ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಬೇಕು. ಒಂದು ಎಳೆಯ ತುಂಡನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟರೆ ಅಂಚಿನ ಹಲ್ಲುಸಾಲು ಕಾಣುತ್ತದೆ.

ಖಾಲಿ ಕೋಶಗಳನ್ನು ಎಸೆದಿಲ್ಲವೆಂದುಕೊಳ್ಳುತ್ತೇನೆ. ಕೋಶದ ಹೊಟ್ಟೆಬದಿಯನ್ನು ಮಸೂರದಲ್ಲಿ ನೋಡಿ: ಕಣ್ಣಿನ ಉಬ್ಬು, ಅದರ ಪಕ್ಕದಿಂದ ಇಳಿದ ಮೀಸೆಯ ಒರೆ, ನಟ್ಟನಡುವೆ ಅಕ್ಕಪಕ್ಕದಲ್ಲಿ ಎರಡು ಪಟ್ಟಿ. ಆ ಎರಡು ಪಟ್ಟಿಗಳೇ ಎರಡು ಎಳೆಗಳ ಒರೆ. ಚಿಟ್ಟೆಯ ಬಾಯಿ ಒಂದಲ್ಲ, ಎರಡಾಗಿ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ತರಗತಿಗೆ ಬೇಡ.

ಪಾಠಕ್ಕೆಂದು ಕಾಡಿನಿಂದ ಚಿಟ್ಟೆ ಹಿಡಿದು ತರುವುದು ಬೇಡ. ಹಲವು ಜಾತಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಿಟಕಿಯ ಕೆಳಗೆ, ರಸ್ತೆಯ ಅಂಚಿನಲ್ಲಿ ಸತ್ತು ಬಿದ್ದವು ಸಾಕಷ್ಟು ಕಣ್ಣಿಗೆ ಬೀಳುತ್ತವೆ. ಹಿತ್ತಿಲ ಕರಿಬೇವಿನ ಹುಳು ಸಾಕುವುದನ್ನು ಮಾತ್ರ ಈ ಒಂದು ಸಾವಿಗೆ ಹೆದರಿ ನಿಲ್ಲಿಸಬೇಡಿ. ಈ ಜಿಲ್ಲೆಯ ಚಿಟ್ಟೆಗಳ ಬಗ್ಗೆ ನಮಗೆ ಮೊದಲು ತಿಳಿದದ್ದೇ ಹೀಗೆ: 1890ರ ದಶಕದಲ್ಲಿ ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್, ಸುಂಕದ ಇಲಾಖೆಯ ಐಟ್ಕನ್ ಮೂವರೂ ಇಲ್ಲಿನ ಹುಳುಗಳನ್ನು ಸಾಕಿ, ಯಾವ ಹುಳು ಯಾವ ಎಲೆ ತಿಂದು ಯಾವ ಚಿಟ್ಟೆಯಾಗುತ್ತದೆ ಎಂದು ಬರೆದಿಟ್ಟರು. ಬೆಲ್ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲೇ ತೀರಿಕೊಂಡರು. ನಿಮ್ಮ ಮಕ್ಕಳೂ ಒಂದು ಪುಸ್ತಕ ಇಡಲಿ: ಹುಳು ಸಿಕ್ಕ ಗಿಡ, ಕೋಶ ಕಟ್ಟಿದ ದಿನ, ಒಡೆದ ದಿನ ಮತ್ತು ಹೊತ್ತು, ಆಗ ಫ್ಯಾನ್ ಇತ್ತೋ ಇಲ್ಲವೋ, ಎಳೆಗಳು ಕೂಡಲು ಎಷ್ಟು ನಿಮಿಷ ಹಿಡಿಯಿತು. ಮಳೆ ಹಿಡಿದ ಮೇಲೆ ಕರಿಬೇವು ಚಿಗುರಿದಾಗ ಮತ್ತೆ ಹುಳು ಬರುತ್ತವೆ, ಆಗಿನ ನಿಮಿಷಗಳನ್ನು ಫೆಬ್ರುವರಿಯ ನಿಮಿಷಗಳ ಪಕ್ಕ ಬರೆಯಿರಿ.